ನನ್ನ ಮಗಳ ಸೊನ್ನೆಯನ್ನು ಕಾಪಾಡಿಕೊಡುವ ಬಗ್ಗೆ

ಮಾನ್ಯರೇ,

ಸೃಜನಶೀಲತೆ ಹಾಗೂ ಭವಿಷ್ಯ ಸಿದ್ಧತಾ ವಿಭಾಗದ ಘನ ನಿರ್ದೇಶಕರಾದ ತಮಗೆ, ತಮ್ಮ ಶಾಲೆಯ ನೆಲಮಾಳಿಗೆಯಲ್ಲಿ ಓದುತ್ತಿರುವ ಹನ್ನೊಂದು ವರ್ಷದ ಹುಡುಗಿಯೊಬ್ಬಳ ತಾಯಿ ಮಾಡುವ ವಿನಯಪೂರ್ವಕ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದೂ, ತಮ್ಮ ತಲೆಯಲ್ಲಿ ದಿನಕ್ಕೊಂದರಂತೆ ಹುಟ್ಟುವ ಹೊಸ ಯೋಜನೆಗಳು ತಮ್ಮ ನಿದ್ದೆಗೆ ಭಂಗ ತಾರದೆ ನಮ್ಮ ನಿದ್ದೆಯನ್ನಷ್ಟೇ ಕೆಡಿಸುತ್ತಿವೆಯೆಂದೂ ನಂಬಿದ್ದೇನೆ.

ಇದನ್ನು ಎಲ್ಲರೂ ಓದುವಂತೆ ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ. ಕಳೆದ ತಿಂಗಳು ನಾನು ತಮಗೆ ಖಾಸಗಿಯಾಗಿ ಒಂದು ಮನವಿ ಸಲ್ಲಿಸಿದ್ದೆ. ತಾವು ಅದನ್ನು ಓದಿದಿರಿ, ಒಪ್ಪಿದಿರಿ, ಸಾಲದೆಂಬಂತೆ ಅದರ ಮೇಲೆ ಕ್ರಮವನ್ನೂ ಕೈಗೊಂಡಿರಿ. ಇಂಥ ಅನಾಹುತ ಸಾಮಾನ್ಯವಾಗಿ ಯಾವ ಕಚೇರಿಯಲ್ಲೂ ಆಗುವುದಿಲ್ಲವಾದ್ದರಿಂದ ನಾನು ಅದಕ್ಕೆ ಸಿದ್ಧಳಾಗಿರಲಿಲ್ಲ. ಮನವಿಯ ಸಾರಾಂಶ ಇಷ್ಟೇ ಇತ್ತು: ನನ್ನ ಮಗಳಿಗೆ ಸೃಜನಶೀಲತೆಯಲ್ಲಿ ಸೊನ್ನೆ ಬಂದಿದೆ, ದಯಮಾಡಿ ಕೃಪಾಂಕ ಕೊಟ್ಟು ಮೇಲಿನ ತರಗತಿಗೆ ಸೇರಿಸಿಕೊಳ್ಳಿ. ಬರುವ ಸೋಮವಾರ ತಾವು ಆ ಕೃಪಾಂಕವನ್ನು ಕೊಡಲಿದ್ದೀರೆಂದು ಸುತ್ತೋಲೆ ಬಂದಿದೆ. ಈಗ ನನ್ನ ಪ್ರಾರ್ಥನೆಯೆಂದರೆ, ಆ ಮನವಿಯನ್ನು ಹರಿದು ಹಾಕಬೇಕು, ಕೃಪೆಯನ್ನು ತಾವೇ ಇಟ್ಟುಕೊಳ್ಳಬೇಕು, ಸೊನ್ನೆಯನ್ನು ಮಾತ್ರ ನಮಗೆ ಹಾಗೆಯೇ ಉಳಿಸಿಕೊಡಬೇಕು.

ಹೆತ್ತ ತಾಯಿಗೆ ಬುದ್ಧಿ ಭ್ರಮಣೆಯಾಗಿದೆಯೆಂದು ಓದುವವರು ತಿಳಿಯಬಾರದಲ್ಲ, ಅದಕ್ಕೆ ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ.

ತಾವು ನಮ್ಮ ಶಾಲೆಗೆ ಬರುವ ಮುನ್ನ ಅಲ್ಲಿನ ಮಕ್ಕಳು ಉದ್ದ ಬೆಂಚುಗಳ ಮೇಲೆ ಸಾಲಾಗಿ ಕುಳಿತು, ಕಪ್ಪು ಹಲಗೆಯನ್ನು ನೋಡಿಕೊಂಡು, ಎಲ್ಲರೂ ಒಂದೇ ಉತ್ತರವನ್ನು ಬರೆಯುತ್ತಿದ್ದರು. ತಾವು ಬಂದಿರಿ. ಬೆಂಚುಗಳು ಹೋಗಿ ಗುಂಡು ಮೇಜುಗಳು ಬಂದವು. ಈಗ ಅರ್ಧದಷ್ಟು ಮಕ್ಕಳು ಹಲಗೆಗೆ ಬೆನ್ನು ಹಾಕಿ ಕುಳಿತು, ಎದುರಿಗಿರುವ ಉಳಿದರ್ಧ ಮಕ್ಕಳ ಪುಸ್ತಕವನ್ನು ತಲೆಕೆಳಗಾಗಿ ನೋಡಿಕೊಂಡು ಅದೇ ಉತ್ತರವನ್ನು ಬರೆಯುತ್ತಾರೆ. ಗೋಡೆಗಳಿಗೆ ಕಣ್ಣು ಕುಕ್ಕುವ ಹಳದಿ ಬಣ್ಣ ಬಂತು. ಬೆಳಗಿನ ಸಾಲಿನಲ್ಲಿ ಇಡೀ ಶಾಲೆಯ ಮಕ್ಕಳು ಕೈ ಎದೆಯ ಮೇಲಿಟ್ಟು ಒಕ್ಕೊರಲಿನಿಂದ "ನಾನು ಎಲ್ಲರಂತಲ್ಲ" ಎಂದು ಹೇಳುವ ಪದ್ಧತಿ ಬಂತು. ಮೊದಲ ದಿನ ಒಬ್ಬ ಹುಡುಗ ಬಾಯಿ ಬಿಡದೆ ಸುಮ್ಮನೆ ನಿಂತಿದ್ದಕ್ಕೆ ಅವನನ್ನು ಮೈದಾನದ ಅಂಚಿನಲ್ಲಿ ನಿಲ್ಲಿಸಲಾಯಿತಂತೆ. ನಿಜವಾಗಿಯೂ ಎಲ್ಲರಂತಲ್ಲದವನನ್ನು ಅಷ್ಟು ಬೇಗ ಗುರುತಿಸಿದ ತಮ್ಮ ಸೂಕ್ಷ್ಮ ದೃಷ್ಟಿಗೆ ನಾನು ಅಂದೇ ತಲೆಬಾಗಿದ್ದೆ.

ಆಮೇಲೆ ಬಂದದ್ದು ಕಸದಿಂದ ಹೊಸತು ಮಾಡುವ ಪ್ರದರ್ಶನ. ಮನೆಯಲ್ಲಿ ಬಿಸಾಡುವ ವಸ್ತುವಿನಿಂದ ಪ್ರತಿ ಮಗುವೂ ಸ್ವಂತ ಬುದ್ಧಿಯಿಂದ ಏನಾದರೂ ಮಾಡಿ ತರಬೇಕು, ಬಂದ ಅಂಕಗಳ ಮೇಲೆ ಮಕ್ಕಳನ್ನು 'ಚಿಗುರು' ಮತ್ತು 'ಬೇರು' ಎಂಬ ಎರಡು ವಿಭಾಗ ಮಾಡಲಾಗುತ್ತದೆ ಎಂದು ತಾವು ತಿಳಿಸಿದಿರಿ. ಮಾರನೆಯ ದಿನವೇ ಶಾಲೆಯ ಪಕ್ಕದ ಪುಸ್ತಕದಂಗಡಿಯಲ್ಲಿ 'ಕಸದ ಕಿಟ್' ಮಾರಾಟಕ್ಕೆ ಬಂತು. ಒಳಗೆ ಎಂದೂ ತುಂಬಿರದ ಖಾಲಿ ಬಾಟಲಿಗಳು, ಯಾರೂ ಓದಿರದ ಹಳೆಯ ಪತ್ರಿಕೆಗಳು, ಅಚ್ಚುಕಟ್ಟಾಗಿ ಒಡೆದ ಮೊಟ್ಟೆಯ ಚಿಪ್ಪುಗಳು. ಕಿಟ್ ಮುಗಿದುಹೋದ ಮೇಲೆ ಅಂಗಡಿಗೆ ಹೋಗಿ ಬರಿಗೈಯಲ್ಲಿ ಮರಳಿದ ನಮ್ಮ ಎದುರುಮನೆಯ ದಂತವೈದ್ಯೆ, ತುಂಬಿದ ಶಾಂಪೂ ಬಾಟಲಿಯನ್ನು ಬಚ್ಚಲಿಗೆ ಸುರಿಯುತ್ತಾ, "ಏನ್ಮಾಡೋದ್ರೀ, ನಮ್ಮನೇಲಿ ಕಸಾನೇ ಇಲ್ಲ, ಮಗುಗೆ ನಾವೇ ಅಲ್ವಾ ಒದಗಿಸ್ಬೇಕು" ಎಂದು ನಿಟ್ಟುಸಿರಿಟ್ಟರು. ಅವರ ಮಗನಿಗೆ ಓಣಿಯಲ್ಲಿ 'ಮೆಡಲ್' ಎಂದೇ ಹೆಸರು. ಆ ಬಾಟಲಿ ಮೂರು ಸಂಜೆಗಳಲ್ಲಿ, ಮೆಡಲ್ ಅತ್ತ ಟಿ.ವಿ. ನೋಡುತ್ತಿರುವಾಗ, ಅವನ ಅಮ್ಮನ ಕೈಯಲ್ಲಿ ಹೂದಾನಿಯಾಯಿತು. ಹಲ್ಲಿಗೆ ತುಂಬುವ ಸಿಮೆಂಟಿನಿಂದಲೇ ಅಂಚು ಕಟ್ಟಿದ್ದರಿಂದ ಅದರ ಹೊಳಪೇ ಬೇರೆ.

ಪ್ರದರ್ಶನದ ದಿನ ನಾನೂ ಬಂದಿದ್ದೆ. ಬಾಟಲಿಯ ಹೂದಾನಿ, ಡಬ್ಬದ ಹೂದಾನಿ, ಹಳೆ ಬೂಟಿನ ಹೂದಾನಿ, ಒಡೆದ ಹೆಲ್ಮೆಟ್ಟಿನ ಹೂದಾನಿ. ಊರಿನಲ್ಲಿರುವ ಅಷ್ಟೂ ಹೂಗಳನ್ನು ಕಿತ್ತು ತಂದರೂ ತುಂಬಲಾರದಷ್ಟು ಹೂದಾನಿಗಳ ನಡುವೆ ತಾವು ಕೈ ಹಿಂದೆ ಕಟ್ಟಿಕೊಂಡು, ಪ್ರತಿಯೊಂದರ ಮುಂದೆಯೂ "ಅದ್ಭುತ, ಯಾರಿಗೆ ಹೊಳೆಯುತ್ತೆ ಇದು" ಎನ್ನುತ್ತಾ ನಡೆದಿರಿ. ಕೊನೆಯ ಮೇಜಿನ ಮುಂದೆ ಮಾತ್ರ ತಮ್ಮ ಮಾತು ನಿಂತಿತು. ಅಲ್ಲಿ ನನ್ನ ಮಗಳು ಇಟ್ಟದ್ದು ಒಂದು ಕೊಡೆ.

ಆ ಕೊಡೆಯ ವಿಷಯವನ್ನು ಸ್ವಲ್ಪ ಹೇಳಬೇಕು. ಅದು ನನ್ನ ಅತ್ತೆಯವರದು. ಬಿಸಿಲಿಗೆ ನೆರಳಾಗಿ, ಮೆಟ್ಟಿಲಿಗೆ ಊರುಗೋಲಾಗಿ, ಬೀದಿನಾಯಿಗೆ ಬೆದರಿಕೆಯಾಗಿ ಬಹುಕಾಲ ದುಡಿದು, ಒಂದು ದಿನ ಗಾಳಿಗೆ ಮಗುಚಿ, ಕಡ್ಡಿಗಳು ಮುರಿದು, ಬಟ್ಟೆ ಸೀಳಿ, ತೆರೆದರೆ ನಿಲ್ಲದ ಸ್ಥಿತಿಗೆ ಬಂದಿತ್ತು. ಮಗಳು ಹಳೆ ಸೈಕಲ್ ಚಕ್ರದ ಕಡ್ಡಿಗಳನ್ನು ಕತ್ತರಿಸಿ ತಂತಿಯಲ್ಲಿ ಬಿಗಿದು ಕಟ್ಟಿದಳು. ಹರಿದ ಕಡೆಗೆ ಅಪ್ಪನ ಮಳೆಯಂಗಿಯ ತುಂಡು ಹೊಲಿದಳು. ಕೊಡೆಯನ್ನು ತೆರೆದು ನಿಲ್ಲಿಸುವ ಕೊಕ್ಕೆಗೆ ಬಾಲ್‌ಪೆನ್ನುಗಳ ಸ್ಪ್ರಿಂಗು ಹಾಕಿದಳು. ಒಂದು ಸಾಲದೆ ಎರಡು, ಎರಡು ಸಾಲದೆ ಮೂರು. ಇದರಿಂದಾಗಿ ನಮ್ಮ ಮನೆಯ ಪೆನ್ನುಗಳ ಮೊನೆಗಳು ಒತ್ತಿದರೆ ಒಳಗೆ ಹೋಗುವುದನ್ನು ನಿಲ್ಲಿಸಿದವು, ಕೊಡೆ ತೆರೆದರೆ ನಿಲ್ಲಲು ಶುರುಮಾಡಿತು. ಬಟ್ಟೆಯನ್ನು ಎಷ್ಟು ಎಳೆದು ಹೊಲಿದರೆ ಕಡ್ಡಿ ಬಾಗುತ್ತದೆ, ಎಷ್ಟು ಸಡಿಲ ಬಿಟ್ಟರೆ ಜೋತು ಬೀಳುತ್ತದೆ ಎಂದು ನೋಡಲು ಅವಳು ಹೊಲಿದು ಬಿಚ್ಚಿ, ಬಿಚ್ಚಿ ಹೊಲಿದು ಮಾಡುತ್ತಿದ್ದಾಗ ಊಟಕ್ಕೆ ಕರೆದರೂ ಕಿವಿಗೆ ಬೀಳುತ್ತಿರಲಿಲ್ಲ.

ತಾವು ಕೊಡೆಯನ್ನು ತೆರೆದು ನೋಡಿದಿರಿ. ತೆರೆಯಿತು. ಮುಚ್ಚಿದಿರಿ. ಮುಚ್ಚಿತು. "ಇದು ಏನಾಗಿದೆ?" ಎಂದು ಕೇಳಿದಿರಿ. "ಕೊಡೆ ಆಗಿದೆ ಸರ್" ಎಂದಳು ಅವಳು. "ಮೊದಲು ಏನಾಗಿತ್ತು?" "ಮೊದಲೂ ಕೊಡೇನೇ ಸರ್. ಮಧ್ಯದಲ್ಲಿ ಆಗಿರ್ಲಿಲ್ಲ." ತಾವು ಮರುಕದಿಂದ ನಕ್ಕು ಚೀಟಿಯ ಮೇಲೆ ಬರೆದಿರಿ: 'ವಸ್ತುವು ಹಿಂದೆಯೂ ಕೊಡೆ, ಈಗಲೂ ಕೊಡೆ. ಹೊಸತನ: ಸೊನ್ನೆ.'

ಮಾನ್ಯರೇ, ನಾನು ಕವಿತೆ ಓದುವ ಚಟದವಳು, ಲೋಕದ ಅಂಕಗಳ ವಿಷಯದಲ್ಲಿ ಸ್ವಲ್ಪ ದಡ್ಡಿ. ಸವೆದು ಹರಿದು ನಿಲ್ಲದಂತಾದ ಹಳೆಯ ಮಾತೊಂದನ್ನು ಮತ್ತೆ ತೆರೆದು ನಿಲ್ಲಿಸಿ ಅದರ ಕೆಳಗೆ ಒಬ್ಬರಿಗಾದರೂ ನೆರಳು ಸಿಗುವಂತೆ ಮಾಡುವುದೇ ಕವಿಯ ಕೆಲಸ, ಮಾತಿಗೆ ಬಣ್ಣ ಬಳಿದು ಕಿಟಕಿಯಲ್ಲಿ ಇಡುವುದಲ್ಲ ಎಂದು ನಾನು ತಿಳಿದುಕೊಂಡಿದ್ದೆ. ತಮ್ಮ ಒಂದು ಚೀಟಿ ಆ ತಪ್ಪು ತಿಳಿವಳಿಕೆಯನ್ನು ತಿದ್ದಿತು. ಭವಿಷ್ಯದಲ್ಲಿ ಕೆಟ್ಟುಹೋದ ವಸ್ತುಗಳೇ ಇರುವುದಿಲ್ಲವೆಂದೂ, ಇದ್ದರೂ ಅವುಗಳಲ್ಲಿ ಹೂವಿಡಲಾಗುವುದೆಂದೂ ನನಗೆ ಮನವರಿಕೆಯಾಯಿತು.

ಹೀಗೆ ನನ್ನ ಮಗಳು 'ಬೇರು' ವಿಭಾಗಕ್ಕೆ ಇಳಿದಳು. ಇಳಿದಳು ಎಂದದ್ದು ಅಲಂಕಾರಕ್ಕಲ್ಲ; ಬೇರುಗಳು ನೆಲದ ಕೆಳಗೆ ಇರತಕ್ಕದ್ದೆಂಬ ತರ್ಕದಂತೆ ತಾವು ಆ ತರಗತಿಯನ್ನು ನೆಲಮಾಳಿಗೆಯಲ್ಲಿಯೇ ಇರಿಸಿದ್ದೀರಿ. ಅಲ್ಲಿಯ ಮಕ್ಕಳಿಗೆ ಚಿತ್ರಕಲೆ ಇಲ್ಲ, ಸಂಗೀತ ಇಲ್ಲ, ಪ್ರಯೋಗಶಾಲೆ ಇಲ್ಲ. ಮೊದಲು ಸೃಜನಶೀಲತೆ ಬರಲಿ, ಆಮೇಲೆ ಅವೆಲ್ಲ ಕೊಡೋಣ ಎಂದು ತಾವು ಪೋಷಕರ ಸಭೆಯಲ್ಲಿ ವಿವರಿಸಿದಿರಿ. ಈಜು ಬಂದ ಮೇಲೆಯೇ ನೀರಿಗಿಳಿಸುವ ಈ ಎಚ್ಚರಿಕೆಯನ್ನು ಯಾವ ತಾಯಿ ಮೆಚ್ಚುವುದಿಲ್ಲ? ನನಗೆ ಸಂಕಟವಾದದ್ದು ಬೇರೆ ಕಾರಣಕ್ಕೆ. ವರ್ಷದ ಕೊನೆಯಲ್ಲಿ ಕೊಡುವ ಪ್ರಮಾಣಪತ್ರದಲ್ಲಿ 'ಬೇರು' ಎಂಬ ಮುದ್ರೆ ಬೀಳುತ್ತದೆಂದೂ, ಅದನ್ನು ನೋಡಿದ ಯಾವ ದೊಡ್ಡ ಶಾಲೆಯೂ ಬಾಗಿಲು ತೆರೆಯುವುದಿಲ್ಲವೆಂದೂ ದಂತವೈದ್ಯೆ ಹೇಳಿದ್ದರು. ಆ ರಾತ್ರಿ ಕುಳಿತು ತಮಗೆ ಮನವಿ ಬರೆದೆ. ಅದರಲ್ಲಿ ಎರಡು ಕವಿತೆಯ ಸಾಲುಗಳಿದ್ದವು. ತಾವು ಅವನ್ನು ವ್ಯಾಕರಣದ ತಪ್ಪೆಂದು ಕೆಂಪು ಶಾಯಿಯಲ್ಲಿ ಸುತ್ತಿ ಮರಳಿಸಿದ್ದನ್ನು ಜೋಪಾನವಾಗಿಟ್ಟಿದ್ದೇನೆ.

ತಮ್ಮ ಉತ್ತರ ಉದಾರವಾಗಿತ್ತು. ಅದೇ ಕೊಡೆಯನ್ನು ಒಂದು ವಾರದೊಳಗೆ ಬೇರೊಂದು ವಸ್ತುವಾಗಿ ಮಾರ್ಪಡಿಸಿದರೆ ಕೃಪಾಂಕವನ್ನು ಪರಿಶೀಲಿಸಬಹುದು. ಉದಾಹರಣೆಗೆ, ದೀಪದ ಮೇಲಿನ ಮುಚ್ಚಿಗೆ. ನನ್ನ ಯಜಮಾನರು ಪತ್ರ ಓದಿ ಮುಗಿಸುವ ಮೊದಲೇ ಕತ್ತರಿ ಹುಡುಕಿಕೊಂಡು ಬಂದರು. ಅವರು ಕೆಟ್ಟವರಲ್ಲ, ಅಂಕಕ್ಕೆ ಹೆದರುವ ತಂದೆ ಅಷ್ಟೇ. ಕೊಡೆಯನ್ನು ಮಂಡಿಯ ಮೇಲಿಟ್ಟುಕೊಂಡು ಹಿಡಿಯನ್ನು ಎಲ್ಲಿಂದ ತುಂಡರಿಸಬೇಕೆಂದು ಅಳೆಯುತ್ತಿದ್ದಾಗ, ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದ ಅತ್ತೆ ಕೇಳಿದರು:

"ಏನಪ್ಪಾ, ಇದು ಹರಿದು ಬಿದ್ದಿದ್ದಾಗ ಹೊಲಿಸ್ಕೊಂಡು ಬಾ ಅಂದ್ರೆ ನಿಂಗೆ ಪುರುಸೊತ್ತಿರ್ಲಿಲ್ಲ. ಹೊಲಿದಾದ್ಮೇಲೆ ಹರಿಯೋಕೆ ಬಂತಾ ಪುರುಸೊತ್ತು?"

"ಅಮ್ಮಾ, ಅವಳ ಭವಿಷ್ಯದ ಪ್ರಶ್ನೆ ಇದು."

"ಭವಿಷ್ಯಕ್ಕೂ ಬಿಸಿಲಿರುತ್ತೋ ಇಲ್ವೋ?"

ಮಗಳು ಅಳಲಿಲ್ಲ, ಹಟ ಮಾಡಲಿಲ್ಲ. ಅಪ್ಪನ ಪಕ್ಕ ಬಂದು ಕುಳಿತು, ನಿಜವಾಗಿಯೂ ತಿಳಿದುಕೊಳ್ಳುವ ದನಿಯಲ್ಲಿ, "ದೀಪಕ್ಕೆ ನೆರಳು ಯಾಕಪ್ಪ ಬೇಕು?" ಎಂದಳು. ಯಜಮಾನರು ಕತ್ತರಿ ಕೆಳಗಿಟ್ಟರು. ಕೊಡೆ ಅತ್ತೆಯ ಕುರ್ಚಿಗೆ ಮರಳಿತು. ನಾನು ಮಾತ್ರ ಬುದ್ಧಿ ಬಾರದೆ, ಕೊಡೆಯಿಲ್ಲದೆಯೇ ಕೃಪಾಂಕ ಕೊಡಿ ಎಂದು ತಮಗೆ ಮತ್ತೊಂದು ಪತ್ರ ಹಾಕಿದೆ. ಅದಕ್ಕೆ ತಾವು, ವಿದ್ಯಾರ್ಥಿನಿಯನ್ನು ತರಗತಿಯಲ್ಲಿಯೇ ಕಂಡು ತೀರ್ಮಾನಿಸುತ್ತೇನೆ, ತಾವೂ ಹಾಜರಿರಿ ಎಂದು ತಿಳಿಸಿದಿರಿ. ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ ಎನ್ನುವ ಗಾದೆಯನ್ನು ಇಲ್ಲಿ ನೆನೆಯುವುದು ತಮ್ಮ ಸ್ಥಾನಕ್ಕೆ ಶೋಭಿಸದು, ಆದ್ದರಿಂದ ನೆನೆಯುತ್ತಿಲ್ಲ.

ಆ ದಿನ ನಾನು ತಮಗಿಂತ ಮುಂಚೆಯೇ ನೆಲಮಾಳಿಗೆಗೆ ಬಂದೆ. ಕತ್ತಲ ಕೋಣೆ, ಮಂಕು ಮಕ್ಕಳು, ಮೂಲೆಯಲ್ಲಿ ನನ್ನ ಮಗಳು ಎಂದು ಕಲ್ಪಿಸಿಕೊಂಡು ಕರವಸ್ತ್ರವನ್ನೂ ತಂದಿದ್ದೆ. ತಾವು ಮೇಲಿನ ಮಹಡಿಗಳನ್ನು ಹೊಸದು ಮಾಡುವಾಗ ಹೊರಹಾಕಿದ ಸಾಮಾನೆಲ್ಲ ಆ ಕೋಣೆಯಲ್ಲೇ ರಾಶಿ ಬಿದ್ದಿದೆ: ಕಾಲು ಮುರಿದ ಬೆಂಚುಗಳು, ಅಚ್ಚಿನಿಂದ ಕಳಚಿದ ಭೂಗೋಳ, ಗಾಜು ಬಿರಿದ ಸೂಕ್ಷ್ಮದರ್ಶಕ, ನಿಂತುಹೋದ ಗೋಡೆ ಗಡಿಯಾರಗಳು. ಈ ಮಕ್ಕಳನ್ನು ನೋಡಿಕೊಳ್ಳಲು ತಾವು ನೇಮಿಸಿರುವುದು ನಿವೃತ್ತಿಯ ಹೊಸ್ತಿಲಲ್ಲಿರುವ ಗಣಿತದ ಮೇಡಂ ಅವರನ್ನು. ಮಕ್ಕಳು ಅವರನ್ನು ಪ್ರೀತಿಯಿಂದ 'ಶ್ಶ್ ಮೇಡಂ' ಎನ್ನುತ್ತಾರೆ, ಏಕೆಂದರೆ ಅವರ ಬೋಧನೆಯೆಲ್ಲ ಆ ಒಂದೇ ಶಬ್ದದಲ್ಲಿ ಅಡಗಿದೆ. ತಾವು ಕಳಿಸಿದ 'ನಾನು ಎಲ್ಲರಂತಲ್ಲ ಎಂಬುದನ್ನು ನೋಡಿ ನಕಲು ಮಾಡಿ' ಎಂಬ ಅಭ್ಯಾಸದ ಹಾಳೆಗಳನ್ನು ಅವರು ಕುರ್ಚಿಯ ಕುಂಟುವ ಕಾಲಿನ ಕೆಳಗೆ ಇಟ್ಟುಕೊಂಡಿದ್ದಾರೆ. "ಏನಾದ್ರೂ ಮಾಡ್ಕೊಳ್ರಪ್ಪಾ, ಕೈ ಮಾತ್ರ ಕುಯ್ಕೋಬೇಡಿ, ನನ್ನ ಪಿಂಚಣಿ ಹತ್ರ ಬಂದಿದೆ" ಎಂದು ಹೇಳಿ ಕಣ್ಣು ಮುಚ್ಚುತ್ತಾರೆ. ಅವರಿಗೆ ಕಲಿಸುವ ಉತ್ಸಾಹ ಎಳ್ಳಷ್ಟೂ ಇಲ್ಲ. ಆ ಕೋಣೆಯಲ್ಲಿ ಕಲಿಕೆ ನಡೆಯುತ್ತಿರುವುದಕ್ಕೆ ಅದೇ ಮುಖ್ಯ ಕಾರಣವೆಂದು ನನಗೆ ಆಮೇಲೆ ತಿಳಿಯಿತು.

ಏಕೆಂದರೆ ನಾನು ಬಾಗಿಲಲ್ಲಿ ನಿಂತಾಗ ಯಾರೂ ನನ್ನನ್ನು ನೋಡಲಿಲ್ಲ. ಎಲ್ಲರೂ ಗೋಡೆಯ ಮೇಲಿನ ಒಂದು ಗಡಿಯಾರದ ವಿಷಯದಲ್ಲಿ ಜಗಳವಾಡುತ್ತಿದ್ದರು. ನನ್ನ ಮಗಳೂ, ದಪ್ಪ ಕನ್ನಡಕದ ಕಾರಣ 'ತಾತ' ಎಂದು ಕರೆಸಿಕೊಳ್ಳುವ ಒಬ್ಬ ಹುಡುಗನೂ ಸೇರಿ ಕೆಟ್ಟ ಗಡಿಯಾರವೊಂದನ್ನು ಬಿಚ್ಚಿ ಜೋಡಿಸಿದ್ದರು. ಜೋಡಿಸುವಾಗ ಒಳಗಿನ ಯಾವುದೋ ತುಣುಕನ್ನು ಮಗುಚಿ ಹಾಕಿದ್ದರಿಂದ ಗಡಿಯಾರ ಓಡಲು ಶುರುವಾಯಿತು, ಆದರೆ ಹಿಂದಕ್ಕೆ. ಮತ್ತೆ ಬಿಚ್ಚೋಣ ಎಂದು ತಾತ ಹೇಳಿದ್ದನಂತೆ. ಬಿಚ್ಚಿದರೆ ಆ ಪುಟಾಣಿ ಚಕ್ರ ಮತ್ತೆ ಹಾರಿ ಬೆಂಚಿನಡಿ ಹೋಗುತ್ತದೆ, ಅದರ ಬದಲು ಅದು ಓಡುವ ಕಡೆಗೇ ಅಂಕಿಗಳನ್ನು ಬರೆದರೆ ಮುಗಿಯಿತಲ್ಲ ಎಂದು ಮಗಳ ವಾದ. ಹಾಗೆಯೇ ಮಾಡಿ, ಹನ್ನೆರಡರ ಬಲಕ್ಕೆ ಹನ್ನೊಂದು, ಎಡಕ್ಕೆ ಒಂದು ಬರುವಂತೆ ಹೊಸ ಕಾಗದದ ಮುಖ ಅಂಟಿಸಿದ್ದರು. ಈಗ ಗಡಿಯಾರ ತಿರುಗುವುದು ತಿರುಗುಮುರುಗಾಗಿ, ತೋರಿಸುವುದು ಸರಿಯಾದ ಸಮಯ.

"ಹಂಗಾದ್ರೆ ಗಡಿಯಾರ ಸರಿ, ನಂಬರ್ ತಪ್ಪು ಅಂತಾನಾ?" ಎಂದು ತಾತ ಪಟ್ಟು ಹಿಡಿದಿದ್ದ.

"ಎರಡೂ ಸರಿ ಕಣೋ. ಓದ್ಕೊಂಡು ನೋಡ್ಬೇಕು ಅಷ್ಟೇ."

"ಯಾರೋ ಓದ್ತಾರೆ ಗಡಿಯಾರಾನ? ಮುಳ್ಳು ನೋಡಿ ಹೋಗ್ತಾರೆ."

ಆ ಹೊತ್ತಿಗೆ ತಾವು ಬಂದಿರಿ. ಮುಂದಿನದನ್ನು ತಾವು ಮರೆತಿರಬಹುದೆಂದು, ಮರೆತಿಲ್ಲವಾದರೆ ಮರೆಯಲು ಬಯಸುತ್ತಿರಬಹುದೆಂದು, ವಿನಯದಿಂದಲೇ ನೆನಪಿಸುತ್ತೇನೆ. ಮೇಲಿನ ಸಭೆಗಳಿಂದ ದಣಿದು, ಫೋನನ್ನು ಕಚೇರಿಯಲ್ಲಿ ಬಿಟ್ಟು ಇಳಿದು ಬಂದಿದ್ದ ತಾವು ಮೊದಲು ನೋಡಿದ್ದು ಆ ಗಡಿಯಾರವನ್ನು. ಆಗ ಸಮಯ ಹನ್ನೊಂದು. ಆದರೆ ಸಣ್ಣ ಮುಳ್ಳು ಇದ್ದದ್ದು, ಲೋಕದ ಎಲ್ಲ ಗಡಿಯಾರಗಳಲ್ಲಿ ಒಂದು ಇರುವ ಜಾಗದಲ್ಲಿ. "ಒಂದು ಗಂಟೆ ಆಯ್ತಲ್ರೀ, ಊಟದ ಗಂಟೆ ಯಾಕೆ ಹೊಡೆದಿಲ್ಲ?" ಎಂದು ತಾವು ಗುಡುಗಿದಿರಿ. ನನ್ನ ಮಗಳು ಎದ್ದು ನಿಂತು, "ಸರ್, ಈಗ ಹನ್ನೊಂದು" ಎಂದಳು. ತಾವು ನನ್ನ ಕಡೆ ತಿರುಗಿ, "ನೋಡಿದ್ರಾ, ಗಡಿಯಾರ ನೋಡೋಕೂ ಬರಲ್ಲ, ಇವರಿಗೆ ಕೃಪಾಂಕ ಕೇಳ್ತೀರಿ" ಎಂದಿರಿ. ಶ್ಶ್ ಮೇಡಂ ನಿದ್ದೆಗಣ್ಣಲ್ಲೇ "ಶ್ಶ್" ಎಂದರು. ಅದು ಯಾರಿಗೆ ಹೇಳಿದ್ದೆಂದು ಇಂದಿಗೂ ಇತ್ಯರ್ಥವಾಗಿಲ್ಲ. ನನ್ನ ಕೈಗಡಿಯಾರವೂ ಹನ್ನೊಂದೇ ಎನ್ನುತ್ತಿತ್ತು, ಆದರೆ ಮನವಿ ತಮ್ಮ ಕೈಯಲ್ಲಿದ್ದುದರಿಂದ ನಾನು ತೋಳಿನ ಬಟ್ಟೆಯನ್ನು ಕೈಗಡಿಯಾರದ ಮೇಲೆ ಎಳೆದುಕೊಂಡೆ.

ತಾವು ಮೇಲೆ ಹೋಗಿ ಗಂಟೆ ಹೊಡೆಸಿದಿರಿ. ಮೇಲಿನ ಪ್ರತಿ ತರಗತಿಯಲ್ಲೂ ತಾವೇ ಹಾಕಿಸಿದ ಹೊಚ್ಚಹೊಸ ಗಡಿಯಾರವಿದೆ. ಪ್ರತಿಯೊಂದೂ ಹನ್ನೊಂದು ತೋರಿಸುತ್ತಿತ್ತು. ಶಿಕ್ಷಕರು ಗಡಿಯಾರವನ್ನು ನೋಡಿದರು, ಗಂಟೆಯನ್ನು ಕೇಳಿದರು, ಪುಸ್ತಕ ಮುಚ್ಚಿದರು. 'ಎಲ್ಲರಂತಲ್ಲದ' ಚಿಗುರಿನ ಮಕ್ಕಳೆಲ್ಲ ಎಲ್ಲರಂತೆ ಎದ್ದು, ಸಾಲಾಗಿ ಕೈ ತೊಳೆದು, ಡಬ್ಬಿ ತೆರೆದು ಉಣ್ಣಲು ಕುಳಿತರು. ಇಡೀ ಶಾಲೆಯಲ್ಲಿ ಇದು ಊಟದ ಹೊತ್ತಲ್ಲ ಎಂದು ಬಾಯಿಬಿಟ್ಟು ಹೇಳಿದ ಜೀವ ಒಂದೇ ಒಂದು, ಮತ್ತು ಅದಕ್ಕೆ ಸೃಜನಶೀಲತೆಯಲ್ಲಿ ಸೊನ್ನೆ ಬಂದಿತ್ತು. ಆ ಕ್ಷಣದಲ್ಲಿ, ಮಾನ್ಯರೇ, ಆ ಸೊನ್ನೆಯ ಮೇಲೆ ನನಗೆ ಮೊದಲ ಬಾರಿ ಮಮತೆ ಹುಟ್ಟಿತು. ಕರವಸ್ತ್ರ ಬೇರೆ ಕಾರಣಕ್ಕೆ ಉಪಯೋಗಕ್ಕೆ ಬಂತು.

ತಪ್ಪು ಗೊತ್ತಾದ ಮೇಲೆ ತಾವು ಸಿಟ್ಟಾಗಿ ನಮ್ಮನ್ನು ನಮ್ಮ ಪಾಡಿಗೆ ಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ತಮ್ಮದು ಆಪತ್ತನ್ನೂ ಸಾಧನೆಯಾಗಿ ಪರಿವರ್ತಿಸುವ ಪ್ರತಿಭೆ. ಸಂಜೆಯ ಹೊತ್ತಿಗೆ ಸುತ್ತೋಲೆ ಸಿದ್ಧವಾಗಿತ್ತು: ನಡೆದದ್ದು ಗಡಿಬಿಡಿಯಲ್ಲ, ಪ್ರಯೋಗ, ಹಿಂದಕ್ಕೆ ಓಡುವ ಗಡಿಯಾರ ನಮ್ಮ ವಿಭಾಗದ ಹೆಮ್ಮೆ. ಗಡಿಯಾರ ನೆಲಮಾಳಿಗೆಯಿಂದ ಕಚೇರಿಯ ಮುಂದಿನ ಗಾಜಿನ ಕಪಾಟಿಗೆ ಏರಿತು. ಬ್ಯಾಟರಿ ತೆಗೆದಿಟ್ಟಿರುವುದರಿಂದ ಈಗ ಅದು ಯಾರ ದಾರಿಯನ್ನೂ ತಪ್ಪಿಸುವುದಿಲ್ಲ. ಮುಂದಿನ ತಿಂಗಳು ಚಿಗುರಿನ ಎಲ್ಲ ಮಕ್ಕಳೂ ಮಾದರಿಯನ್ನು ನೋಡಿಕೊಂಡು ಅಂಥದೇ ಗಡಿಯಾರ ಮಾಡತಕ್ಕದ್ದು; ಪುಸ್ತಕದಂಗಡಿಯಲ್ಲಿ ಕಿಟ್ ಬಂದಾಗಿದೆ. ಬೇರಿನ ಮಕ್ಕಳೆಲ್ಲರಿಗೂ ಸೋಮವಾರ ಕೃಪಾಂಕ ಕೊಟ್ಟು ಮೇಲಕ್ಕೆ ಕರೆಸಿಕೊಳ್ಳಲಾಗುವುದು. ಮುರಿದ ಸಾಮಾನು ಗುಜರಿಗೆ. ನೆಲಮಾಳಿಗೆಗೆ ಹಳದಿ ಬಣ್ಣ ಮತ್ತು ಗುಂಡು ಮೇಜು. ಶ್ಶ್ ಮೇಡಂ ಅವರಿಗೆ ಉತ್ಸಾಹದ ತರಬೇತಿ.

ಸುತ್ತೋಲೆ ಓದಿ ನಾನು ಸಂತೋಷದಿಂದ, "ಗೆದ್ದುಬಿಟ್ಟೆ ಕಣೇ, ಸೋಮವಾರದಿಂದ ಮೇಲೆ" ಎಂದೆ. ಮಗಳು ಶೂ ಬಿಚ್ಚುತ್ತಿದ್ದವಳು ಹಾಗೆಯೇ ಕುಳಿತುಬಿಟ್ಟಳು.

"ಮೇಲೆ ಏನು ಮಾಡ್ಬೇಕು ಅಂತ ಅವರೇ ಹೇಳ್ತಾರಮ್ಮ. ಮಾಡಾದ್ಮೇಲೆ ಚೆನ್ನಾಗಿದೆ ಅಂತಾನೂ ಅವರೇ ಹೇಳ್ತಾರೆ. ನಾನೇನು ಮಾಡ್ಲಿ ಅಲ್ಲಿ?"

ಅಂದಿನಿಂದ ಅವಳು ಊಟದ ಮೇಜಿನಲ್ಲಿ ಮಾತಾಡುವುದು ಕಡಿಮೆಯಾಗಿದೆ. ಭೂಗೋಳಕ್ಕೆ ಹೊಸ ಅಚ್ಚು ಕೂರಿಸುವ ಕೆಲಸ ಅರ್ಧಕ್ಕೆ ನಿಂತಿದೆಯಂತೆ. ಗುಜರಿಯವನು ಬರುವ ಮುನ್ನ ಅದು ಒಂದು ಸುತ್ತಾದರೂ ತಿರುಗಬೇಕೆಂಬುದು ತಾತನ ಹಂಬಲವಂತೆ. ಇದರ ನಡುವೆ, ಕಪಾಟಿನ ಗಡಿಯಾರವನ್ನು ನೋಡಿ ಬಂದ ದಂತವೈದ್ಯೆ ನಿನ್ನೆ ಗೇಟಿನ ಬಳಿ ನನ್ನನ್ನು ಹಿಡಿದು ದನಿ ತಗ್ಗಿಸಿ ಕೇಳಿದರು: "ಅಲ್ರೀ, ಬೇರಿಗೆ ಸೇರಿಸೋಕೆ ಯಾರನ್ನ ಹಿಡೀಬೇಕು? ನಮ್ಮೋನಿಗೂ ಸೊನ್ನೆ ತರಿಸೋ ಅಂಥ ಟ್ಯೂಷನ್ ಎಲ್ಲಾದ್ರೂ ಇದ್ಯಾ?" ಮೆಡಲ್ ಪಕ್ಕದಲ್ಲಿ ನಿಂತು ತನ್ನ ಕೈಗಳನ್ನು, ಅವು ಯಾರದೋ ಎಂಬಂತೆ ನೋಡಿಕೊಳ್ಳುತ್ತಿದ್ದ. ನನಗೆ ನಗು ಬರಲಿಲ್ಲ.

ಆದುದರಿಂದ, ಮಾನ್ಯರೇ, ಬಡವಳ ಕೋರಿಕೆಗಳನ್ನು ಆಲಿಸಬೇಕು. ನನ್ನ ಮಗಳಿಗೆ ಕೊಟ್ಟ ಸೊನ್ನೆಯನ್ನು ಖಾಯಂಗೊಳಿಸಬೇಕು; ಸಾಧ್ಯವಾದರೆ ಅದರ ಪಕ್ಕದಲ್ಲಿ ಇನ್ನೊಂದು ಸೊನ್ನೆ ಇಟ್ಟು ಭದ್ರಪಡಿಸಬೇಕು. ಪ್ರಮಾಣಪತ್ರದ ಮೇಲೆ 'ಬೇರು' ಎಂಬ ಮುದ್ರೆಯನ್ನು ಒತ್ತಿ ಹಾಕಬೇಕು, ಅದನ್ನು ನೋಡಿ ಬಾಗಿಲು ಮುಚ್ಚುವ ಶಾಲೆ ಯಾವುದೆಂದು ನಮಗೂ ಮೊದಲೇ ತಿಳಿದಂತಾಗುತ್ತದೆ. ಆ ಕೋಣೆಯಲ್ಲಿ ಯಾರ ಪ್ರತಿಭೆಯನ್ನೂ ದಯವಿಟ್ಟು ಗುರುತಿಸಬಾರದು, ಪ್ರೋತ್ಸಾಹಿಸಬಾರದು, ಬೆನ್ನು ತಟ್ಟಬಾರದು. ಮೇಲಿನ ಮಹಡಿಯಲ್ಲಿ ಇನ್ನೂ ಏನಾದರೂ ಮುರಿದಿದ್ದರೆ ರಿಪೇರಿಯವರನ್ನು ಕರೆಸದೆ ಕೆಳಗೆ ಎಸೆಯಬೇಕು. ಶ್ಶ್ ಮೇಡಂ ಅವರ ಸೇವಾವಧಿಯನ್ನು ವಿಸ್ತರಿಸಬೇಕು, ಅವರ ಕುರ್ಚಿಗೊಂದು ದಿಂಬು ಮಂಜೂರು ಮಾಡಬೇಕು, ಮತ್ತು ಅವರಿಗೆ ಯಾವ ಕಾರಣಕ್ಕೂ ಉತ್ಸಾಹ ಬಾರದಂತೆ ನೋಡಿಕೊಳ್ಳಬೇಕು. ಮೆಡಲ್ ಹೆಸರಿನ ಹುಡುಗನೊಬ್ಬ ಕೆಳಗೆ ಬಂದು ಬಾಗಿಲಲ್ಲಿ ನಿಂತರೆ, ಅವನ ಅಮ್ಮನನ್ನು ಹೊರಗೇ ಇರಿಸಿಕೊಂಡು ಅವನನ್ನು ಮಾತ್ರ ಒಳಗೆ ಬಿಡಬೇಕು. ಭವಿಷ್ಯಕ್ಕೆ ಮಕ್ಕಳನ್ನು ಸಿದ್ಧಪಡಿಸುವ ತಮ್ಮ ಮಹತ್ಕಾರ್ಯಕ್ಕೆ ಇದರಿಂದ ಯಾವ ಅಡ್ಡಿಯೂ ಆಗದು. ಭವಿಷ್ಯ ಹೇಗೂ ತಮ್ಮ ಗಾಜಿನ ಕಪಾಟಿನಲ್ಲಿದೆ, ಬ್ಯಾಟರಿ ಇಲ್ಲದೆ ಕ್ಷೇಮವಾಗಿದೆ.

ತಮ್ಮ ಅಮೂಲ್ಯ ಸಮಯವನ್ನು, ಅದು ಯಾವ ದಿಕ್ಕಿಗೆ ಓಡುತ್ತಿದ್ದರೂ, ಇಷ್ಟು ಹೊತ್ತು ತೆಗೆದುಕೊಂಡದ್ದಕ್ಕೆ ಕ್ಷಮೆ ಕೋರುತ್ತಾ,

ಎಲ್ಲರಂತೆಯೇ ಇರುವ,
ತಮ್ಮ ವಿಶ್ವಾಸಿ,
ಸೊನ್ನೆ ಪಡೆದವಳ ತಾಯಿ

ತಾ.ಕ.: ಪತ್ರವನ್ನು ಅಂಚೆಗೆ ಹಾಕುವ ಮುನ್ನ ಮಗಳು ಓದಿ, ಹಣೆ ಚಚ್ಚಿಕೊಂಡಳು. "ಬೇಡ ಅಂದ್ರೆ ಅವ್ರು ನಾಳೆನೇ ಮಾಡ್ತಾರಮ್ಮ. ಇದನ್ನ ನೋಡೋಕೆ ಒಂದು ಸಮಿತಿ ಮಾಡಿ ಅಂತ ಕೇಳು. ಅಧ್ಯಕ್ಷರು ಯಾರು ಅಂತ ತೀರ್ಮಾನ ಆಗೋದ್ರೊಳಗೆ ನಾವು ಶಾಲೆ ಮುಗಿಸಿರ್ತೀವಿ" ಎಂದಳು. ತಮ್ಮ ವಿಭಾಗದ ಇದುವರೆಗಿನ ಕಾರ್ಯವೈಖರಿಯನ್ನು ನೋಡಿದರೆ ಅವಳ ಅಂದಾಜು ಸರಿಯೆನಿಸುತ್ತದೆ. ಆದ್ದರಿಂದ ಮೇಲಿನದನ್ನೆಲ್ಲ ಹಿಂತೆಗೆದುಕೊಂಡು, ಬೇರು ವಿಭಾಗವನ್ನು ಮೇಲಕ್ಕೆತ್ತುವ ಕುರಿತು ಕೂಲಂಕಷವಾಗಿ ಪರಿಶೀಲಿಸಲು ದೊಡ್ಡದೊಂದು ಸಮಿತಿಯನ್ನು ರಚಿಸಬೇಕೆಂದೂ, ಅದಕ್ಕೆ ಎರಡು ಉಪಸಮಿತಿಗಳಿರಬೇಕೆಂದೂ, ವರದಿ ಬರುವವರೆಗೆ ಒಂದು ಬೆಂಚನ್ನೂ ಅಲುಗಿಸಬಾರದೆಂದೂ ಬೇಡಿಕೊಳ್ಳುತ್ತೇನೆ. ಸದಸ್ಯಳಾಗಲು ನಾನು ಸಿದ್ಧ. ಒಂದು ಸಭೆಗೂ ಬರುವುದಿಲ್ಲವೆಂದು ಈಗಲೇ ಮಾತು ಕೊಡುತ್ತೇನೆ.